ತಿಮ್ಮಪ್ಪನಿಗೆ ಕೊಟ್ಟ ಮುಡಿ

ಮೆದುಳಿನ ಗಡ್ಡೆ ತೆಗೆಯುವುದು ನನ್ನ ಕೆಲಸ. ಆಪರೇಷನ್ನು ಹೈದರಾಬಾದಿನಲ್ಲಿ, ತಿಂಗಳಿಗೊಂದು ಭಾನುವಾರ ಮಾತ್ರ ಲಿಂಗಸುಗೂರಿನ ಔಷಧದಂಗಡಿಯ ಮೇಲಿನ ಕೋಣೆಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದೆ. ಮಸ್ಕಿಯಲ್ಲಿ ಹುಟ್ಟಿ ಬೆಳೆದವನು, ನಮ್ಮ ಜನರನ್ನು ಮಾತಿನಲ್ಲೇ ಒಪ್ಪಿಸಬಲ್ಲೆ ಎಂಬ ಸೊಕ್ಕು ಆಗ ಬೇಕಾದಷ್ಟಿತ್ತು.

ಇಸವಿ ತೊಂಬತ್ತರ ಆಚೀಚೆ ಇರಬೇಕು. ಸಂತೆಕಲ್ಲೂರಿನ ಮುದುಕಿಯೊಬ್ಬಳು ಸೊಸೆಯನ್ನು ಕರೆತಂದಳು, ಹಿಂದೆ ಮಗ. ಹುಡುಗಿಗೆ ಇಪ್ಪತ್ತೆರಡು. ಬೆಳಿಗ್ಗೆ ಎದ್ದರೆ ತಲೆನೋವು, ವಾಂತಿ, ನಡುನಡುವೆ ಕಣ್ಣು ಮಬ್ಬು. ಕೈಯಲ್ಲಿದ್ದ ಸ್ಕ್ಯಾನ್ ಫಿಲ್ಮಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ತೆಗೆದರೆ ಗುಣವಾಗುವಂಥದ್ದು, ತಡವಾದರೆ ಕಣ್ಣು ಹೋಗುತ್ತದೆ. ಬುಧವಾರವೇ ಹೈದರಾಬಾದಿಗೆ ಬಂದು ಸೇರಿರಿ, ತಲೆ ಬೋಳಿಸಬೇಕಾಗುತ್ತದೆ ಎಂದೆ.

ಮುದುಕಿ ಎದ್ದು ನಿಂತಳು. "ಏನ್ ಮಾತಂತ ಆಡ್ತೀರಿ ಸಾಹೇಬ್ರ! ಮುತ್ತೈದಿ ತಲಿ ಬೋಳಿಸ್ತಾರೇನ್ರಿ? ಗಂಡ ಇಲ್ಲೇ ಗಟ್ಟಿಮುಟ್ಟಾಗಿ ಕುಂತಾನ!"

"ತಿಮ್ಮಪ್ಪಗ ಮುಡಿ ಅಂತ ಬೇಡ್ಕೊ ಯವ್ವಾ," ಎಂದೆ ನಾನು. "ದೇವರಿಗೆ ಕೊಟ್ರ ಅಪಶಕುನ ಹೆಂಗ ಆಗ್ತದ?"

ಆಕೆಯ ಮುಖ ಅರಳಿತು. ಅವರು ಹೋದ ಮೇಲೆ ಕಂಪೌಂಡರನಿಗೆ, "ಹಿಂಗ ಮಾತಾಡಬೇಕು ನೋಡಲೇ," ಎಂದು ಜಂಬ ಕೊಚ್ಚಿಕೊಂಡೆ. ಆಸ್ಪತ್ರೆಯಲ್ಲೇ ಬೋಳಿಸಿ, ಕೂದಲನ್ನು ಬಟ್ಟೆಯಲ್ಲಿ ಕಟ್ಟಿಕೊಡುವುದು, ಆಮೇಲೆ ಅವರು ತಿರುಪತಿಗೆ ಒಯ್ದು ಒಪ್ಪಿಸಲಿ ಎಂಬುದು ನನ್ನ ಲೆಕ್ಕ. ಅದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಬುಧವಾರ ಅವರು ಬರಲಿಲ್ಲ. ಕಾಗದ ಬರೆದೆ, ಉತ್ತರವಿಲ್ಲ. ಇಪ್ಪತ್ನಾಲ್ಕನೆಯ ದಿನ ಹೈದರಾಬಾದಿಗೆ ಬಂದರು. ಹುಡುಗಿಯ ತಲೆ ನುಣ್ಣಗೆ, ಮೇಲೆ ಒಣಗಿದ ಗಂಧ. ಮೊದಲು ಮನೆದೇವರಿಗೆ ಕಾಯಿ ಒಡೆಸಿ, ದಢೇಸುಗೂರಿಗೆ ಕೊಟ್ಟ ಮಗಳ ಮನೆಯ ಭತ್ತದ ನಾಟಿ ಮುಗಿಯುವ ತನಕ ಕಾದು, ಎಲ್ಲರೂ ಕೂಡಿ ತಿರುಪತಿಗೆ ಹೋಗಿ ಬಂದಿದ್ದರು.

"ನೀವು ಹೇಳಿದಂಗ ಮಾಡೀವ್ರಿ," ಎಂದಳು ಮುದುಕಿ.

ನಾನು ಹುಡುಗಿಯ ಎದುರಿಗೇ ನಿಂತಿದ್ದೆ. ನಾನು ಮಾತಾಡಿದಾಗಷ್ಟೇ ಆಕೆ ಮುಖವೆತ್ತಿ ದನಿ ಬಂದ ಕಡೆ ತಿರುಗಿದಳು. ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಗಡ್ಡೆ ಪೂರ್ತಿ ಬಂತು. ಜೊತೆಯ ವೈದ್ಯರು ಶಹಬ್ಬಾಸ್ ಎಂದರು. ಕಣ್ಣು ಮಾತ್ರ ಬರಲಿಲ್ಲ. ದಿನವೂ ಟಾರ್ಚು ಬಿಟ್ಟು ನೋಡುತ್ತಿದ್ದೆ. ಬೇರೆ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಎರಡು ತಿಂಗಳ ನಂತರ ಮುದುಕಿ ಸೊಸೆಯ ಕೈ ಹಿಡಿದು ಲಿಂಗಸುಗೂರಿಗೆ ಬಂದಳು. ಸೊಸೆಯ ತಲೆಯಲ್ಲಿ ಒಂದಂಗುಲ ಕೂದಲು. ಬೆಂಚಿನ ಮೇಲೆ ಗುರುಗುಂಟಾದ ದಂಪತಿ ಕೂತಿದ್ದರು. ಹೆಂಡತಿಗೆ ಅದೇ ಕಾಯಿಲೆ. ಮುದುಕಿ ಆಕೆಗೆ ಹೇಳುತ್ತಿದ್ದಳು: "ಮೊದ್ಲು ತಿರುಪತಿಗಿ ಹೋಗಿ ಬರ್ರೆವ್ವ. ನನ್ನ ಸೊಸಿ ಜೀವ ಉಳದದ್ದ ಅದರಿಂದ."

"ಬ್ಯಾಡ! ನಾಳೇನ ಆಸ್ಪತ್ರೆಗೆ ನಡೀರಿ!" ಎಂದು ಕಿರುಚಿದೆ.

ಗಂಡ ಗಾಬರಿಯಿಂದ ಮುದುಕಿಯ ಕಡೆ ನೋಡಿದ. ಆಕೆ ನಕ್ಕು ಸಮಾಧಾನ ಹೇಳಿದಳು: "ಹೆದರಬ್ಯಾಡಪ್ಪ, ಸಾಹೇಬ್ರಿಗೆ ಏನೋ ಸಿಟ್ಟು ಬಂದದ. ತಿಮ್ಮಪ್ಪಗ ಮುಡಿ ಕೊಡು ಅಂತ ನಮಗ ಹೇಳಿದವ್ರೇ ಅವರು."