ಗಪ್‌ಚುಪ್ ಟೀಚರ ಡೇ ಕೇರ್

ಬ್ಯಾಂಕಿನ ಹಿಂದಿನ ಬೀದಿಯಲ್ಲಿ ಓಡಾಡುವವರಿಗೆ ಆ ತಿಳಿಹಳದಿ ಮನೆಯ ಕೆಳಗಡೆ ಮಕ್ಕಳ ಹಿಂಡೇ ಇದೆಯೆಂದು ಬೋರ್ಡು ಓದಿದರೆ ಮಾತ್ರ ಗೊತ್ತಾಗುತ್ತಿತ್ತು. ಕಿವಿಗೊಟ್ಟರೆ ಫ್ಯಾನು ತಿರುಗುವ ಸದ್ದು, ಅಷ್ಟೇ. ಇದನ್ನು ಕಟ್ಟಿ ನಿಲ್ಲಿಸಿದ ಮಹಾತಾಯಿ ಪ್ರೈಮರಿ ಶಾಲೆಯಲ್ಲಿ ಜೀವಮಾನವಿಡೀ ದುಡಿದು ರಿಟೈರ್ ಆದವರು. ಅಲ್ಲಿ ಪಾಠ ಹೇಳಿದ್ದಕ್ಕಿಂತ ಬಾಯಿ ಮುಚ್ಚಿಸಿದ್ದೇ ಹೆಚ್ಚು. ಅದಕ್ಕೇ ಮಕ್ಕಳು ಬೆನ್ನ ಹಿಂದೆ ಗಪ್‌ಚುಪ್ ಟೀಚರ್ ಎನ್ನುತ್ತಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಯಾರೋ ಕರೆದು ಕೊಟ್ಟ ಬಿರುದೆಂದೇ ಅವರು ತಿಳಿದಿದ್ದರು.

ಮಕ್ಕಳ ಹಕ್ಕುಗಳ ವಿಷಯದಲ್ಲಿ ಮಾತ್ರ ಟೀಚರದು ಎತ್ತಿದ ಕೈ. ಎಲ್ಲಿ ಸಭೆಯಾದರೂ ಮೈಕು ಹಿಡಿದು, ಮಗುವೂ ಒಬ್ಬ ಮನುಷ್ಯ ಎಂದು ಗಂಟಲು ಉಬ್ಬಿಸಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಬರುತ್ತಿದ್ದರು. ಡೇ ಕೇರಿನ ಗೋಡೆಯ ಮೇಲೂ ಬಣ್ಣದ ಅಕ್ಷರಗಳಲ್ಲಿ ಬರೆಸಿ, ಗಾಜು ಹಾಕಿಸಿ ತೂಗುಹಾಕಿದ್ದರು: ಆಡುವ ಹಕ್ಕು, ತನ್ನ ಮಾತು ಹೇಳುವ ಹಕ್ಕು, ಇನ್ನೂ ಏನೇನೋ. ಅಕ್ಷರ ಬಾರದ ಮಕ್ಕಳು ಅದರ ಕೆಳಗೆ ಸಾಲಾಗಿ ಕೈಕಟ್ಟಿ ಕೂತಿರುತ್ತಿದ್ದವು. ಆಟದ ಸಾಮಾನಿಗೇನೂ ಕೊರತೆಯಿರಲಿಲ್ಲ. ಎಲ್ಲವೂ ಸ್ಟೋರ್ ರೂಮಿನ ಕಪಾಟಿನಲ್ಲಿ, ಅಂಗಡಿಯಿಂದ ಬಂದ ಹಾಗೆಯೇ ಇದ್ದವು. ಯಾರಾದರೂ ಅಧಿಕಾರಿ ನೋಡಲು ಬಂದ ದಿನ ಅವು ಹೊರಗೆ ಬಂದು, ಅವರ ಕಾರು ಹೊರಟೊಡನೆ ಒರೆಸಿಕೊಂಡು ಒಳಗೆ ಹೋಗುತ್ತಿದ್ದವು.

ಅಪ್ಪ ಅಮ್ಮಂದಿರೂ ಕಮ್ಮಿಯೇನಿರಲಿಲ್ಲ. ಮನೆಯಲ್ಲಿ ಸೋಫಾದಿಂದ ಸೋಫಾಕ್ಕೆ ಜಿಗಿಯುವ ಮಗ ಇಲ್ಲಿ ತುಟಿ ಪಿಟಕ್ಕೆನ್ನದೆ ಕೂತಿರುವುದನ್ನು ಕಂಡು ಕೈಮುಗಿಯುತ್ತಿದ್ದರು. "ಹೇಗೆ ಮಾಡ್ತೀರಿ ಮೇಡಂ ಇದನ್ನ?" ಎಂದು ಕೇಳಿದವರಿದ್ದರು. ಯಾಕೆ ಮಾಡುತ್ತೀರಿ ಎಂದವರು ಒಬ್ಬರೂ ಇರಲಿಲ್ಲ.

ಮೆಚ್ಚದವಳು ಒಬ್ಬಳೇ, ಟೀಚರ ಸ್ವಂತ ಮಗಳು. ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುವ ಅವಳು ತನ್ನ ಮೂರು ವರ್ಷದ ಮಗನನ್ನು ನಾಲ್ಕು ಬೀದಿ ದಾಟಿ ಬೇರೊಂದು ಡೇ ಕೇರಿಗೆ ಬಿಡುತ್ತಿದ್ದಳು. ಅಲ್ಲಿ ಗೋಡೆಯ ತುಂಬ ಮಕ್ಕಳು ಗೀಚಿದ ಗೀಟು, ನೆಲದ ತುಂಬ ಮರಳು, ಬೀದಿಯ ಕೊನೆಯವರೆಗೂ ಕೇಳುವ ಗಲಾಟೆ. ಟೀಚರು ಅದನ್ನು ಸಂತೆ ಎಂದು ಕರೆದು ಮೂಗು ಮುರಿಯುತ್ತಿದ್ದರು. ಊರವರ ಮಕ್ಕಳೆಲ್ಲ ತನ್ನ ಬಳಿ ಬರುವಾಗ ಮೊಮ್ಮಗನೇ ಬರುವುದಿಲ್ಲವೆಂದರೆ ಮರ್ಯಾದೆಯ ಪ್ರಶ್ನೆ. ಅದಕ್ಕಿಂತಲೂ, ಮಗಳಿಗೆ ತನ್ನ ಮೇಲೆ ನಂಬಿಕೆಯಿಲ್ಲ ಎಂಬುದು ಅವರನ್ನು ಒಳಗೊಳಗೇ ಸುಡುತ್ತಿತ್ತು. ಹೇಗಾದರೂ ಮೊಮ್ಮಗ ಇಲ್ಲಿಗೆ ಬರಬೇಕು, ಮಗಳ ಬಾಯಿಂದ ಒಂದು ಒಳ್ಳೆಯ ಮಾತು ಬರಬೇಕು. ಅವರಿಗೆ ಬೇಕಾಗಿದ್ದು ಅಷ್ಟೇ.

ಆ ಸಂತೆಯಲ್ಲಿ ನೀರಿನ ಪೈಪು ಒಡೆದು ಒಂದು ವಾರ ಬಾಗಿಲು ಹಾಕಿದಾಗ ಮಗಳಿಗೆ ಬೇರೆ ದಾರಿಯಿರಲಿಲ್ಲ.

"ಒಂದೇ ವಾರ ಅಮ್ಮ. ಅವನು ಬಾಯಿಬಡುಕ, ಮಾತಾಡಿದ್ರೆ ಮಾತಾಡ್ಕೊಳ್ಲಿ ಬಿಡು" ಎಂದಳು.

"ಮಕ್ಕಳನ್ನ ನೋಡ್ಕೊಳ್ಳೋದು ನೀನು ನನಗೆ ಹೇಳ್ಕೊಡ್ತೀಯೇನೆ?" ಎಂದು ಟೀಚರು ಮಗುವಿನ ಚೀಲ ಕಸಿದುಕೊಂಡರು.

ಮೊದಲ ದಿನ ಆ ಮಗು ಹಾಡಿತು, ಪಕ್ಕದವಳ ಜಡೆ ಎಳೆಯಿತು, ಅಜ್ಜೀ ಅಜ್ಜೀ ಎಂದು ಇಡೀ ದಿನ ಕರೆಯಿತು. ಇಲ್ಲಿ ಅಜ್ಜಿ ಅಲ್ಲ, ಮಿಸ್ ಎನ್ನಬೇಕು ಎಂದು ಟೀಚರು ತಿದ್ದಿದರು. ಹೊಡೆಯಲಿಲ್ಲ, ಹೊಡೆದರೆ ಹಕ್ಕಿಗೆ ಚ್ಯುತಿ. ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಗೋಡೆಯ ಬಗ್ಗೆ ಆ ಬಣ್ಣದ ಅಕ್ಷರಗಳು ಏನೂ ಹೇಳಿರಲಿಲ್ಲವಲ್ಲ. ವಾರದ ಮಧ್ಯಕ್ಕೆ ಬಾಯಿಬಡುಕನ ಬಾಯಿಗೆ ಬೀಗ ಬಿತ್ತು. ಟೀಚರು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡರು.

ಮರುದಿನ ಊಟವಾದ ಮೇಲೆ ಮಕ್ಕಳನ್ನು ಮಲಗಿಸಿ ಟೀಚರು ಎಂದಿನಂತೆ ಒಂದು ಸುತ್ತು ಹಾಕಿದರು. ಸ್ಟೋರ್ ರೂಮಿನ ಬಾಗಿಲು ಓರೆಯಾಗಿತ್ತು. ತೆರೆದ ಬಾಗಿಲು ಕಂಡರೆ ಅವರ ಕೈ ಸುಮ್ಮನಿರದು. ಎಳೆದು ಚಿಲಕ ಹಾಕಿದರು. ಸಂಜೆ ಮಕ್ಕಳನ್ನು ಎಬ್ಬಿಸಿ ನೋಡಿದರೆ ಮೊಮ್ಮಗನ ಹಾಸಿಗೆ ಖಾಲಿ.

ಬಚ್ಚಲು, ಮಹಡಿ, ನೀರಿನ ತೊಟ್ಟಿ, ಎಲ್ಲ ನೋಡಿದ್ದಾಯಿತು. ಗಂಟಲು ಹರಿಯುವಂತೆ ಕೂಗಿದ್ದಾಯಿತು. ಹೊರಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಮಗು ಇರುತ್ತದೆಯೇ? ಅದರ ಮುಂದೆಯೇ ಎರಡು ಸಲ ಹಾದುಹೋದರು. ಬೀದಿಗೆ ಓಡಿ ಇಸ್ತ್ರಿಯವನನ್ನು ಕೇಳಿದರು. ಮಕ್ಕಳು ಕೈಕಟ್ಟಿ ಕೂತು ಇದನ್ನೆಲ್ಲ ನೋಡುತ್ತಿದ್ದವು. ಅವುಗಳನ್ನು ಕೇಳಬಹುದೆಂದು ಟೀಚರಿಗೆ ಹೊಳೆಯಲೇ ಇಲ್ಲ. ಮಕ್ಕಳನ್ನು ಏನಾದರೂ ಕೇಳಿ ಅವರಿಗೆ ಅಭ್ಯಾಸವೇ ಇರಲಿಲ್ಲ.

ಮಗನನ್ನು ಕರೆದೊಯ್ಯಲು ಬಂದ ಮಗಳು ವಿಷಯ ತಿಳಿದೊಡನೆ ಮಕ್ಕಳ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನನ್ನ ಪುಟ್ಟ ಎಲ್ಲಿ, ಯಾರಾದ್ರೂ ನೋಡಿದ್ರಾ?"

ಎರಡು ಜಡೆಯ ಹುಡುಗಿ ಸ್ಟೋರ್ ರೂಮಿನ ಕಡೆ ಬೆರಳು ಮಾಡಿದಳು.

"ಮೊದಲೇ ಯಾಕೆ ಹೇಳಲಿಲ್ಲ ಕಣೇ?" ಎಂದು ಟೀಚರು ಗದರಿದರು.

"ನೀವು ಕೇಳಲಿಲ್ಲ ಮಿಸ್."

ಚಿಲಕ ತೆಗೆದರೆ ಕಪಾಟಿನ ಪಕ್ಕ ಮಗು ಮಂಡಿ ಅಪ್ಪಿಕೊಂಡು ಕೂತಿತ್ತು. ಚಡ್ಡಿ ಒದ್ದೆಯಾಗಿತ್ತು. ಅತ್ತು ಅತ್ತು ಮುಖ ಊದಿತ್ತು. ಆದರೆ ಸದ್ದಿಲ್ಲ. ಇಷ್ಟು ಪುಟ್ಟ ಮಗು ಸದ್ದಿಲ್ಲದೆ ಅಳುವುದನ್ನು ಕಲಿತುಬಿಟ್ಟಿತ್ತು.

ಮಗಳು ಎತ್ತಿಕೊಂಡು ಕೇಳಿದಳು: "ಯಾಕೆ ಕೂಗಲಿಲ್ಲ ಚಿನ್ನ? ಅಜ್ಜಿ ಕರೆದಿದ್ದು ಕೇಳಿಸಲಿಲ್ವಾ?"

"ಕೇಳಿಸ್ತು. ಮಿಸ್‌ಗೆ ಸಿಟ್ಟು ಬಂದಿತ್ತು. ಮಾತಾಡಿದ್ರೆ ಗೋಡೆ."

ಹೋದ ಜೀವ ಬಂದಂತಾಗಿತ್ತು ನಿಜ, ಆದರೂ ಟೀಚರು ಆಗ ಬಾಯಿಬಿಡಬಾರದಿತ್ತು. ಬಿಟ್ಟರು. "ಏನೂ ಆಗಿಲ್ವಲ್ಲ, ಸದ್ಯ. ನೋಡು, ಎಷ್ಟು ಗಟ್ಟಿ ಮಗು. ಬೇರೆಯವರಾಗಿದ್ರೆ ಊರು ಒಂದು ಮಾಡಿರೋರು. ನೀನೂ ಹೀಗೇ ಇದ್ದೆ ಚಿಕ್ಕವಳಿದ್ದಾಗ. ಒಂದು ದಿನ ಒಂದು ತಂಟೆ ಇಲ್ಲ, ತಕರಾರಿಲ್ಲ."

ಮಗಳು ಬಾಗಿಲ ತನಕ ಹೋದವಳು ನಿಂತಳು. ದನಿ ಏರಿಸಲಿಲ್ಲ.

"ನನಗೆ ಎಡಗಿವಿ ಕೇಳಿಸಲ್ಲ ಅಮ್ಮ. ನಿನಗೆ ಗೊತ್ತಾ?"

"ಏನು ಹೇಳ್ತಿದೀಯೆ? ಯಾವಾಗಿಂದ?"

"ಎರಡನೇ ಕ್ಲಾಸಿಂದ. ತುಂಬ ನೋವಿತ್ತು. ರಾತ್ರಿಯೆಲ್ಲ ದಿಂಬು ಒತ್ತಿ ಹಿಡ್ಕೊಂಡಿರ್ತಿದ್ದೆ. ಕೀವು ಸೋರಿ ಆಮೇಲೆ ತಾನಾಗೇ ನಿಂತುಹೋಯ್ತು. ನೀನು ಪಕ್ಕದಲ್ಲೇ ಮಲಗಿದ್ದೆ."

ಕರೆದರೆ ಓಗೊಡದೆ ಹೋಗುವ ಮಗಳನ್ನು ಟೀಚರು ಇಷ್ಟು ವರ್ಷ ದುರಹಂಕಾರಿ ಎಂದು ಬೈದಿದ್ದರು, ನೆಂಟರ ಮುಂದೆಯೂ ಬೈದಿದ್ದರು. "ನಿಲ್ಲೇ, ಸ್ವಲ್ಪ ನಿಲ್ಲು" ಎಂದು ಹಿಂದೆಯೇ ಹೋದರು. ಮಗಳು ಮಗುವನ್ನು ಬಲಭುಜದ ಮೇಲೆ ಹಾಕಿಕೊಂಡು ಮುಂಬಾಗಿಲ ಮೆಟ್ಟಿಲಿಳಿಯುತ್ತಿದ್ದಳು. ಮಗುವಿನ ತಲೆ ಅವಳ ಬಲಗಿವಿಗೆ ಒತ್ತಿಕೊಂಡಿತ್ತು. ಟೀಚರು ಮತ್ತೆ ಕರೆದರು. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ, ಹೆತ್ತ ತಾಯಿಗೆ ತಿಳಿಯಲಿಲ್ಲ.