ವಾಸನೆ ಹೋದ ಮೇಲಿನ ಅಡಿಗೆ

ನನ್ನ ಮೂಗು ಸತ್ತಿದೆ ಅನ್ನುವುದು ಒಂದು ಸೋಮವಾರ ಬೆಳಗ್ಗೆ ಗೊತ್ತಾಯಿತು. ಊರಿಗೆಲ್ಲ ಇನ್‌ಫ್ಲುಯೆಂಜಾ ಜ್ವರ ಬಂದು, ಮಧುಗಿರಿಯ ನಮ್ಮ ಬೀದಿಯಲ್ಲೇ ನಾಲ್ಕು ಮನೆಗಳ ಬಾಗಿಲು ಮುಚ್ಚಿದ್ದ ಕಾಲ ಅದು. ನಾನು ಎರಡು ವಾರ ಹಾಸಿಗೆ ಹಿಡಿದು, ಹೇಗೋ ಎದ್ದು, ಒಲೆಯ ಮೇಲೆ ಹಾಲಿಟ್ಟು ಪಕ್ಕದಲ್ಲೇ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ನನ್ನ ತಮ್ಮನ ಹೆಂಡತಿ ಹಿತ್ತಿಲಿನಿಂದ ಓಡಿಬಂದು ಪಾತ್ರೆಯನ್ನು ಕೆಳಗಿಳಿಸಿದಳು. ಹಾಲು ತಳಹಿಡಿದು ಕರಕಲಾಗಿತ್ತು. ಹಿತ್ತಿಲಿನವರೆಗೆ ಹೋದ ಸೀದ ವಾಸನೆ ಮೊಳ ದೂರದಲ್ಲಿದ್ದ ನನಗೆ ತಟ್ಟಿರಲಿಲ್ಲ.

"ವಾಸ್ನೆ ಬರ್ಲಿಲ್ವಾ ವದಿನ?" ಅಂದಳು. ಅವಳು ಪಾವಗಡದ ಕಡೆಯವಳು. ಗಂಡನ ಅಕ್ಕನನ್ನು ಅವರು ತೆಲುಗಿನಲ್ಲಿ ಹಾಗೆ ಕರೆಯುತ್ತಾರೆ.

"ಬಂತು, ಇಳ್ಸಕ್ಕೆ ಬಟ್ಟೆ ಹುಡುಕ್ತಿದ್ದೆ," ಅಂದೆ. ಬಟ್ಟೆ ನನ್ನ ತೊಡೆಯ ಮೇಲೇ ಇತ್ತು. ಅವಳು ಅದನ್ನು ನೋಡಿದಳು, ಪಾತ್ರೆ ಎತ್ತಿಕೊಂಡು ಉಜ್ಜಲು ಹೋದಳು.

ಯಾಕೆ ಸುಳ್ಳು ಹೇಳಿದೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಕೊರಟಗೆರೆಗೆ ಮದುವೆಯಾಗಿತ್ತು. ಮೂರು ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದೆ. ನಮ್ಮವರಲ್ಲಿ ತಲೆ ಬೋಳಿಸುವ ಪದ್ಧತಿ ಇಲ್ಲ, ಮೂಲೆಗೆ ಕೂರಿಸುವುದೂ ಇಲ್ಲ. ಆದರೆ ಕೂತುಂಡರೆ ನಾಲ್ಕು ದಿನಕ್ಕೆ ಯಾರಿಗಾದರೂ ಭಾರವೇ. ಅಮ್ಮ ಹೋಗಿ ಬಹಳ ಕಾಲವಾಗಿತ್ತು. ಅಪ್ಪ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಪೂಜೆ, ಪುರಾಣ ಅಂತ ಇದ್ದರು. ಒಲೆ ಖಾಲಿ ಇತ್ತು, ನಾನು ಹಿಡಿದೆ. ನನ್ನ ಹುರುಳಿ ಸಾರಿನ ಹೆಸರು ಸಿರಾದ ನೆಂಟರವರೆಗೂ ಹೋಗಿತ್ತು. ಆ ಹೆಸರು ನನ್ನ ತಲೆಗೇರಿತ್ತು ಅನ್ನುವುದನ್ನೂ ಮುಚ್ಚಿಡುವುದಿಲ್ಲ. ತಮ್ಮನ ಹೆಂಡತಿ ಮನೆಗೆ ಬಂದಾಗ ಅವಳನ್ನು ಕುಟ್ಟುವುದಕ್ಕೆ, ಬೀಸುವುದಕ್ಕೆ, ನೀರು ಹೊರುವುದಕ್ಕೆ ಹಚ್ಚಿ, ಒಲೆಯ ಹತ್ತಿರ ಮಾತ್ರ ಬಿಟ್ಟುಕೊಳ್ಳಲಿಲ್ಲ. ಮೂಗು ಹೋಯಿತು ಅಂತ ಹೇಳಿದರೆ ಒಲೆ ಅವಳದಾಗುತ್ತಿತ್ತು. ಆಮೇಲೆ ನಾನು ಆ ಮನೆಯಲ್ಲಿ ಕೂತುಣ್ಣುವವಳು ಮಾತ್ರ.

ರುಚಿ ನೋಡಿ ಸರಿಮಾಡಬಹುದಿತ್ತಲ್ಲ ಅನ್ನಬಹುದು. ನಮ್ಮದು ಲಿಂಗ ಕಟ್ಟಿದ ಮನೆ. ಪೂಜೆಗೆ ಮುಂಚೆ ಅಡಿಗೆಯನ್ನು ಯಾರೂ ಬಾಯಿಗಿಡುವಂತಿಲ್ಲ. ಮಾಡಿದವಳು ಉಪ್ಪು ಕೂಡ ನೋಡುವುದಿಲ್ಲ, ಮೂಗು ಹೇಳಿದಂತೆ ಕೈ ನಡೆಯುತ್ತದೆ. ಲಿಂಗಕ್ಕೆ ಅರ್ಪಿಸಿದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಹೆಸರಿಡಬಾರದು, ತಟ್ಟೆಯಲ್ಲಿ ಬಿಡಬಾರದು. ಉಂಡ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಬಳಿದು ತೊಳೆದು, ಆ ನೀರನ್ನೂ ಕುಡಿಯಬೇಕು. ಅಪ್ಪ ಇದರಲ್ಲಿ ಬಲು ಕಟ್ಟುನಿಟ್ಟು. ಸಾರು ಹೇಗಿತ್ತು ಅಂತ ನಾನು ಯಾವತ್ತೂ ಕೇಳಿದವಳಲ್ಲ, ಅವರು ಹೇಳಿದವರೂ ಅಲ್ಲ. ತೊಳೆದು ಹೊಳೆಯುವ ತಟ್ಟೆಯೇ ನನಗೆ ಉತ್ತರವಾಗಿತ್ತು.

ಹಾಗಾಗಿ ನಾನು ಹೊಸದಾಗಿ ಅಡಿಗೆ ಕಲಿತೆ, ಯಾರಿಗೂ ತಿಳಿಯದ ಹಾಗೆ. ಆ ದಿನಗಳ ಅಚ್ಚರಿಗಳು ಈಗಲೂ ನೆನಪಿವೆ. ಹುಚ್ಚೆಳ್ಳು ಹುರಿಯುವಾಗ ಚಟಪಟ ಸದ್ದು ತೆಳ್ಳಗಾಗುವ ಒಂದು ಗಳಿಗೆ ಇದೆ, ಆಗ ಇಳಿಸಿದರೆ ಸರಿ, ಬಿಟ್ಟರೆ ಕಹಿ. ಮುದ್ದೆ ಬೆಂದಿತೋ ಇಲ್ಲವೋ ಅನ್ನುವುದು ಕೋಲು ಹಿಡಿದ ಮಣಿಕಟ್ಟಿಗೆ ಗೊತ್ತಾಗುತ್ತದೆ. ಇಷ್ಟು ವರ್ಷ ಮಾಡಿಯೂ ಇದನ್ನೆಲ್ಲ ನಾನು ಗಮನಿಸಿಯೇ ಇರಲಿಲ್ಲ. ನನ್ನ ಬಾಯಿಗೂ ಬೇರೆಯ ಲೋಕ ತೆರೆಯಿತು. ಉಪ್ಪು, ಹುಳಿ, ಖಾರ ಗೋಡೆಯಾಚೆ ಯಾರೋ ಮಾತಾಡಿದಷ್ಟು ಮಾತ್ರ ತಿಳಿಯುತ್ತಿದ್ದವು. ನನಗೆ ಪ್ರಾಣವಾಗಿದ್ದ ಸೀತಾಫಲ ಒದ್ದೆ ಮರಳಾಯಿತು. ದಾಳಿಂಬೆ ಮಾತ್ರ ಕೈಬಿಡಲಿಲ್ಲ. ಕಾಳು ಹಲ್ಲಿಗೆ ಸಿಕ್ಕಿ ಒಡೆದು ತಣ್ಣಗೆ ರಸ ಚಿಮ್ಮುವುದಕ್ಕೆ ಮೂಗು ಬೇಕಿರಲಿಲ್ಲ. ಗೌಡಗೆರೆಯಿಂದ ತಮ್ಮ ತಂದ ಕಡಲೆಕಾಯಿಯನ್ನು ಹುರಿದು, ಕಟುಮ್ ಅನ್ನುವ ಸದ್ದಿಗೋಸ್ಕರವೇ ಒಂದು ಮೊರ ತಿಂದು ಹೊಟ್ಟೆ ಕೆಡಿಸಿಕೊಂಡೆ. ಒಬ್ಬಳೇ ನಕ್ಕೆ, ಆಮೇಲೆ ಅಲ್ಲೇ ಕೂತು ಅತ್ತೆ.

ತಪ್ಪುಗಳೂ ಆಗಿದ್ದವು. ಒಗ್ಗರಣೆಗೆ ಇಂಗು ಹಾಕಿದೆನೋ ಇಲ್ಲವೋ ಅಂತ ಎರಡು ಸಲ ಹಾಕಿದ್ದುಂಟು. ಕಮಟು ಹಿಡಿದ ತುಪ್ಪ ಬಡಿಸಿದ್ದು ಡಬ್ಬಿ ಖಾಲಿಯಾದ ಮೇಲೆ ತಳದ ಬಣ್ಣ ನೋಡಿ ತಿಳಿಯಿತು. ಯಾರೂ ಏನೂ ಅನ್ನಲಿಲ್ಲ. ಒಂದು ವರ್ಷ ಹೀಗೇ ಕಳೆಯಿತು. ನಾನು ಎಲ್ಲರ ಕಣ್ಣಿಗೂ ಮಣ್ಣೆರಚಿದೆ ಅಂತ ಬೀಗುತ್ತಿದ್ದೆ. ಮೂಗು ಸತ್ತರೂ ಅದರ ತುದಿಯ ಮೇಲಿನ ಕೋಪ ಎಲ್ಲಿಯೂ ಹೋಗಿರಲಿಲ್ಲ. ತಮ್ಮನ ಹೆಂಡತಿ ಅಪ್ಪಿತಪ್ಪಿ ಒಲೆಯ ಕಡೆ ಬಂದರೆ, "ನಿಮ್ಮ ಪಾವಗಡದ ಗೊಡ್ಡುಖಾರ ನಮಗೆ ಬ್ಯಾಡ ಬುಡವ್ವ," ಅನ್ನುತ್ತಿದ್ದೆ.

ಮರುವರ್ಷ ಐ.ಡಿ. ಹಳ್ಳಿಯ ನಮ್ಮ ಹೊಲದಿಂದ ಹಾರಕ ಬಂತು. ಹಾರಕ ಬರಡು ನೆಲದ ಕಾಳು. ಅದರ ಮೇಲೆ ಪದರ ಪದರವಾಗಿ ಸಿಪ್ಪೆ, ಒನಕೆ ಹಿಡಿದವಳ ರಟ್ಟೆ ಬಿದ್ದುಹೋಗುತ್ತದೆ. ಬಿಸಿಲಲ್ಲಿ ಕೊಯ್ದದ್ದಾದರೆ ಅದರ ಅನ್ನ ಅಕ್ಕಿಯದಕ್ಕಿಂತ ಹಿತ. ಕೊಯ್ಲಿನಲ್ಲಿ ಮಳೆ ಹಿಡಿದು ಮೆದೆಯಲ್ಲೇ ನೆಂದರೆ ಅದಕ್ಕೆ ಅಮಲಿನಂಥ ಮತ್ತು ಸೇರುತ್ತದೆ. ಅಂಥದ್ದನ್ನು ಉಂಡವರು ತಲೆ ತಿರುಗಿ, ಕೈಕಾಲು ನಡುಗಿ, ಕುಡಿದವರ ಹಾಗೆ ಬೀಳುತ್ತಾರೆ. ಕಣ್ಣಿಗೆ ಎರಡೂ ಒಂದೇ. ಅದಕ್ಕೇ ನಮ್ಮ ಕಡೆ ಹೊಸ ಹಾರಕ ಕುಟ್ಟಿದ ದಿನ ಮನೆಯ ಹಿರಿಯ ಹೆಂಗಸು ಬೊಗಸೆಯಲ್ಲಿ ಎತ್ತಿ ಮೂಸಿ ನೋಡಬೇಕು. ಅವಳು ಸರಿ ಅಂದರೆ ಒಲೆಗೆ, ಮುಗ್ಗಲು ಅಂದರೆ ಆ ಮೂಟೆ ಎರಡು ವರ್ಷ ಅಟ್ಟಕ್ಕೆ. ಆ ವಿಷಯದಲ್ಲಿ ಗಂಡಸರು ಬಾಯಿ ಹಾಕುವುದಿಲ್ಲ.

ನಮ್ಮ ಮನೆಯ ಹಿರಿಯ ಹೆಂಗಸು ನಾನು. ಆ ವರ್ಷ ಕೊಯ್ಲಿನ ಹೊತ್ತಿಗೆ ಒಂದು ವಾರ ಜಡಿಮಳೆ ಹಿಡಿದಿದ್ದು ನನಗೆ ಗೊತ್ತಿತ್ತು. ಅಪ್ಪನಿಗೆ ಹಾರಕದ ಅನ್ನ, ಹುರುಳಿ ಸಾರು ಅಂದರೆ ಇಷ್ಟ ಅನ್ನುವುದೂ ಗೊತ್ತಿತ್ತು. ತಮ್ಮನ ಹೆಂಡತಿ ಬೆಳಗ್ಗೆಯೇ ಕುಟ್ಟಿ, ಕೇರಿ, ಮೊರದಲ್ಲಿ ತಂದಿಟ್ಟಳು. ಇಟ್ಟವಳು ಹೋಗಲಿಲ್ಲ.

"ಏಮೋ ವದಿನ, ನಂಗ್ಯಾಕೋ ಮುಗ್ಗಲು ಅನ್ಸ್ತೈತೆ. ನೀವೊಂದ್ಸಾರಿ ನೋಡಿ," ಅಂದಳು.

ನಾನು ಬೊಗಸೆ ತುಂಬ ಎತ್ತಿದೆ. ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಜೋರಾಗಿ ಉಸಿರೆಳೆದೆ. ಒಳಗೆ ಬಂದದ್ದು ಬರೀ ಗಾಳಿ. ಗೊತ್ತಾಗುತ್ತಿಲ್ಲ ಅನ್ನುವ ಒಂದು ಮಾತು ಬಾಯಿಯ ತನಕ ಬಂದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಪರೀಕ್ಷೆ ಇದೆ ಅಂತ ನನಗೆ ರೇಗಿತು.

"ಏನೂ ಇಲ್ಲ. ಹೊಸ ಕಾಳು ಇಂಗೇ ಇರೋದು. ನಿನ್ನ ಮೂಗಿಗೆ ನಮ್ಮನೇದೆಲ್ಲ ಮುಗ್ಗಲೇ ಕಣಮ್ಮ," ಅಂದೆ.

ಅವಳು ಒನಕೆ ಎತ್ತಿಡಲು ಹೋದಳು. ನಾನು ಅನ್ನ ಮಾಡಿದೆ.

ತಮ್ಮ ಸಿರಾಕ್ಕೆ ಹೋಗಿದ್ದ. ಅಪ್ಪ ಪೂಜೆ ಮುಗಿಸಿ ಮಣೆಯ ಮೇಲೆ ಕೂತರು. ಮುಂದೆ ಮೂರು ಕಾಲಿನ ಅಡ್ಡಣಿಗೆ, ಅದರ ಮೇಲೆ ಕಂಚಿನ ತಟ್ಟೆ. ನಾನು ಅನ್ನ ಬಡಿಸಿ ಸಾರು ಹಾಕಿ ಒಲೆಯ ಕಡೆ ತಿರುಗಿದೆ. ಅವರು ನಿಧಾನವಾಗಿ ಉಂಡರು. ಅವಳು ನಡುಮನೆಯ ಬಾಗಿಲಲ್ಲಿ ಕಂಬಕ್ಕೆ ಒರಗಿ ನಿಂತೇ ಇದ್ದಳು. ಅವಳು ಹಾಗೆ ನಿಂತದ್ದು ನನ್ನನ್ನು ಚುಚ್ಚುತ್ತಿತ್ತು. ಅಪ್ಪ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವವರಲ್ಲ. ಆದರೂ ತಪ್ಪಲೆ ಹಿಡಿದು ಮುಂದೆ ಹೋಗಿ, ಎಂದೂ ಕೇಳದ ಮಾತನ್ನು ಅವಳಿಗೆ ಕೇಳಿಸುವ ಹಾಗೆ ಕೇಳಿದೆ.

"ಅನ್ನ ಹೆಂಗೈತೆ ಅಪ್ಪಯ್ಯ? ಇನ್ನೊಂದಿಷ್ಟು ಹಾಕ್ಲಾ?"

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿದರು.

"ಹಾಕವ್ವ. ಚೆನ್ನಾಗೈತೆ," ಅಂದರು.

ಎರಡು ಸೌಟು ಹಾಕಿದೆ. ಅಷ್ಟನ್ನೂ ಉಂಡು, ತಟ್ಟೆ ತೊಳೆದು, ನೀರು ಕುಡಿದರು. ಬಾಗಿಲಲ್ಲಿ ನಿಂತವಳ ಕಡೆ ನಾನು ಗೆದ್ದವಳ ಹಾಗೆ ನೋಡಿದೆ. ಅವಳು ತಲೆತಗ್ಗಿಸಿದಳು.

ನಾವಿಬ್ಬರು ಉಣ್ಣಲು ಕೂರುವ ಮೊದಲೇ ಜಗಲಿಯಲ್ಲಿ ಏನೋ ಬಿದ್ದ ಸದ್ದಾಯಿತು. ಅಪ್ಪ ಗೋಡೆ ಹಿಡಿದು ಏಳಲು ನೋಡುತ್ತಿದ್ದರು, ಕೈ ಗೋಡೆಗೆ ಸಿಗುತ್ತಿರಲಿಲ್ಲ. ಮಾತು ತೊದಲುತ್ತಿತ್ತು. ಜೀವಮಾನದಲ್ಲಿ ಹೆಂಡದ ಅಂಗಡಿಯ ನೆರಳು ತುಳಿಯದವರು ಬೀದಿಯ ಜನರ ಎದುರು ತೂರಾಡಿ ಬಿದ್ದರು. ವಾಂತಿ ಶುರುವಾಯಿತು. ಅವಳು ಗಡಿಗೆ ಮಜ್ಜಿಗೆ ತಂದು ಕುಡಿಸಿದಳು, ಕುಡಿಸಿದ್ದೆಲ್ಲ ಹೊರಗೆ ಬಂತು. ನಾನು ಅವರ ಕಾಲು ಹಿಡಿದುಕೊಂಡು ಕೂತಿದ್ದೆ. ಕಾಲು ನಡುಗುತ್ತಲೇ ಇತ್ತು.

ಮೂರನೆಯ ದಿನಕ್ಕೆ ಮತ್ತು ಇಳಿಯಿತು. ವೈದ್ಯರು ಬಂದು, ಹರೆಯದವರಾಗಿದ್ದರೆ ಒಂದು ದಿನ ಮಲಗಿ ಎದ್ದುಬಿಡುತ್ತಿದ್ದರು, ಈ ವಯಸ್ಸಿಗೆ ದೇಹ ತಡೆಯಲಿಲ್ಲ ಅಂದರು. ಅಪ್ಪನಿಗೆ ಪ್ರಜ್ಞೆ ಚೆನ್ನಾಗಿಯೇ ಇತ್ತು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಗಂಜಿ ಕುಡಿಸಿದರೆ ಕುಡಿದು, ಬಟ್ಟಲಿಗೆ ನೀರು ಹಾಕಿ ಕೊಡು ಅಂತ ಸನ್ನೆ ಮಾಡುತ್ತಿದ್ದರು. ಒಂಬತ್ತನೆಯ ದಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಹೋದರು.

ಬಂದವರೆಲ್ಲ ವಯಸ್ಸಾಗಿತ್ತು ಬಿಡು ಅಂದರು. ತಮ್ಮನೂ ಅದನ್ನೇ ಅಂದ. ಹಾರಕದ ಮಾತು ಯಾರೂ ಎತ್ತಲಿಲ್ಲ, ಎತ್ತಬೇಕಾದವಳೂ ಎತ್ತಲಿಲ್ಲ. ಅವಳು ಬೈದಿದ್ದರೆ ನನಗೆ ಉಸಿರಾಡುವಷ್ಟು ಜಾಗ ಸಿಗುತ್ತಿತ್ತೇನೋ. ಕ್ರಿಯೆಯೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ರಾಗಿ ಬೀಸುತ್ತಿದ್ದಾಗ ಎದುರು ಹೋಗಿ ಕೂತು ಬೀಸುವ ಕಲ್ಲಿನ ಗೂಟ ಹಿಡಿದು ನಿಲ್ಲಿಸಿದೆ.

"ನಂಗೆ ವಾಸನೆ ತಿಳಿಯಲ್ಲ. ಆ ಜ್ವರ ಬಂದಾಗಿಂದ," ಅಂದೆ.

"ಗೊತ್ತು ವದಿನ," ಅಂದಳು.

"ಯಾವಾಗಿಂದ?"

"ಹಾಲು ಸೀದ ದಿನದಿಂದ. ಮಾವನೋರಿಗೂ ಗೊತ್ತಿತ್ತು, ನಿಮ್ಮ ತಮ್ಮನಿಗೂ." ಅವಳು ಕಲ್ಲಿನ ಸುತ್ತ ಬಿದ್ದಿದ್ದ ಹಿಟ್ಟನ್ನು ಸೆರಗಿನಿಂದ ಒಟ್ಟು ಮಾಡುತ್ತ ಮಾತಾಡಿದಳು. "ಇಂಗು ಜಾಸ್ತಿ ಆದ ದಿನ ನಿಮ್ಮ ತಮ್ಮ ಏನೋ ಅನ್ನಕ್ಕೋದ್ರು. ಮಾವನೋರು ಆಮೇಲೆ ನಮ್ಮಿಬ್ಬರನ್ನೂ ಕೂರಿಸ್ಕೊಂಡು ಹೇಳಿದ್ರು. ಅವಳಿಗೆ ಆ ಒಲೆ ಒಂದೇ ಇರೋದು, ಅದನ್ನ ಕಿತ್ಕಬ್ಯಾಡಿ, ಬಡಿಸಿದ್ದು ಉಣ್ಣಿ ಅಂತ."

ನಾನು ಬಚ್ಚಿಟ್ಟಿದ್ದೇನೆ ಅಂದುಕೊಂಡದ್ದನ್ನು ಮೂವರೂ ಸೇರಿ ಒಂದು ವರ್ಷ ದಿನಾ ಎರಡು ಹೊತ್ತು ನುಂಗಿದ್ದರು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ. ಆದರೂ ಕೇಳಬೇಕಾದ್ದು ಒಂದು ಉಳಿದಿತ್ತು.

"ಆವತ್ತು ಅಪ್ಪಂಗೆ ತಿಳೀತಾ?"

ಅವಳು ಒಟ್ಟು ಮಾಡಿದ ಹಿಟ್ಟನ್ನು ಮೊರಕ್ಕೆ ಸುರಿದಳು. "ಮೊದಲ್ನೇ ತುತ್ತಿಗೇ ನಿಲ್ಲಿಸಿದ್ರು. ನೀವು ಒಲೆ ಕಡೆ ತಿರುಗಿದ್ರಿ, ನಾನು ನೋಡ್ತಿದ್ದೆ. ಕೈ ತಟ್ಟೇಲೇ ಇಟ್ಕೊಂಡು ಸ್ವಲ್ಪ ಹೊತ್ತು ಕೂತ್ರು. ನಾನು ಬ್ಯಾಡ ಅಂತ ಸನ್ನೆ ಮಾಡ್ದೆ. ಸುಮ್ನಿರು ಅಂತ ತಲೆ ಆಡ್ಸಿ ಉಂಡ್ರು. ಒಂದು ತಟ್ಟೆಗೆ ಏನಾಗಲ್ಲ ಅಂದ್ಕೊಂಡ್ರೇನೋ ವದಿನ." ಅಷ್ಟು ಹೇಳಿ ಅವಳು ಅತ್ತಳು. "ನಾನು ಬಾಯಿ ಬಿಟ್ಟು ಹೇಳಬೇಕಿತ್ತು," ಅಂದಳು.

ಅವತ್ತು ಸಂಜೆ ಒಲೆಯನ್ನು ಅವಳಿಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. ನೀವು ಮಾಡಿ, ನಾನು ಮೂಸ್ತೀನಿ ಅಂದಳು. ಅಂದಿನಿಂದ ಇಪ್ಪತ್ತೈದು ವರ್ಷ ಹಾಗೇ ನಡೆದಿದೆ. ಎಣ್ಣೆ, ತುಪ್ಪ, ಹಿಟ್ಟು, ಕಾಳು, ಪ್ರತಿಯೊಂದನ್ನೂ ಅವಳು ಮೂಸಿ ಹೂಂ ಅಂದ ಮೇಲೇ ನನ್ನ ಕೈ ಮುಂದುವರಿಯುತ್ತದೆ. ಹಾರಕವನ್ನು ಮತ್ತೆ ಮನೆಯೊಳಗೆ ತರಲಿಲ್ಲ. ದಾಳಿಂಬೆ ಕಾಲದಲ್ಲಿ ಅವಳು ಬಿಡಿಸಿ ಬಟ್ಟಲಲ್ಲಿ ಕೊಡುತ್ತಾಳೆ, ನಾನು ತಿನ್ನುತ್ತೇನೆ.

ಮೊದಲು ಬಡಿಸಿದ ಅನ್ನದ ತಪ್ಪನ್ನು ಜ್ವರದ ಮೇಲೆ, ಸತ್ತ ಮೂಗಿನ ಮೇಲೆ, ನಮ್ಮ ಮನೆಯ ನೇಮದ ಮೇಲೆ ಹೇಗೋ ಹಂಚಿಹಾಕಬಲ್ಲೆ. ಅಷ್ಟನ್ನೇ ಉಂಡಿದ್ದರೆ ಅಪ್ಪ ಎದ್ದು ಓಡಾಡುತ್ತಿದ್ದರೋ ಏನೋ. ಎರಡನೆಯ ಸಲ ಹಾಕಲಾ ಅಂತ ನಾನು ಕೇಳಿದ್ದು ಅವರ ಹಸಿವೆಗಲ್ಲ, ಬಾಗಿಲಲ್ಲಿ ನಿಂತವಳನ್ನು ಸೋಲಿಸುವುದಕ್ಕೆ. ಅಪ್ಪನಿಗೆ ಅದೂ ತಿಳಿದಿತ್ತು, ತಿಳಿದೇ ಹಾಕು ಅಂದರು.