ತಪ್ಪಿನ ಪುಸ್ತಕ

ಇವತ್ತು ನಾನು ಹತ್ತು ಬೆರಳೂ ಉಳಿಸಿಕೊಂಡು ಅನ್ನ ತಿನ್ನುತ್ತಿದ್ದರೆ ಅದು ಐಟಿಐನಲ್ಲಿ ನಮಗೆ ಲೋಹ ಕಡೆಯುವ ಲೇತ್ ಯಂತ್ರ ಕಲಿಸಿದವರ ಉಪಕಾರ. ಅವರಿಗೆ ನಾವಿಟ್ಟ ಅಡ್ಡಹೆಸರು ಮೈಕ್ರಾನ್. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮಾಡಿದ್ದನ್ನೆಲ್ಲ ಗುಜರಿ ಡಬ್ಬಕ್ಕೆ ಎಸೆಯುತ್ತಿದ್ದರು. ಸರ್ ಆಗಿದ್ದವರು ದೀರ್ಘ ರಜೆ ಮುಗಿಸಿ, ಗಂಡಸಿನ ಹೆಸರು ಬಿಟ್ಟು, ಹೆಂಗಸಾಗಿಯೇ ಕೆಲಸಕ್ಕೆ ಮರಳಿದ ಮೇಲೂ ಅಡ್ಡಹೆಸರು ಬದಲಿಸುವ ಪ್ರಮೇಯ ಬರಲಿಲ್ಲ. ಬೈಗುಳವೂ ಹಳೆಯದೇ.

ವರಸೆ ಬದಲಾದದ್ದು ಪ್ರಿನ್ಸಿಪಾಲರದು. ಸೋಮವಾರ ನಮ್ಮೆದುರೇ ಮೈಕ್ರಾನ್‌ಗೆ ಹೇಳಿಬಿಟ್ಟರು: "ಒಂದು ವಾರ ನೋಡ್ತೀನಿ. ಏನಾದ್ರೂ ತೊಂದರೆ ಆಯ್ತೋ, ಪಾಠ ಬಿಟ್ಟು ಸ್ಟೋರ್ ರೂಮಿಗೆ ಹೋಗಿ." ಕಲಿಸುವುದೇ ಜೀವವಾಗಿದ್ದವರನ್ನು ಸ್ಪ್ಯಾನರ್ ಎಣಿಸಲು ಕೂರಿಸುವ ಮಾತು. ನನಗೆ ಮೈಯೆಲ್ಲ ಉರಿಯಿತು. ಆದರೆ ನಾನು ಹದಿನೆಂಟರ ಹುಡುಗಿ, ತಲೆತಗ್ಗಿಸಿ ಲೇತ್ ಒರೆಸತೊಡಗಿದೆ.

ಗುರುವಾರ ಮೈಕ್ರಾನ್ ಚೆನ್ನಾಗಿ ಬಾಚಿದ ಕೂದಲನ್ನು ಭುಜದ ಮೇಲೆ ಇಳಿಬಿಟ್ಟುಕೊಂಡೇ ಬಂದರು. ಲೇತ್ ಶುರು ಮಾಡಿ, ಕೆಲಸ ತೋರಿಸಲು ಬಗ್ಗಿದರು. ತಿರುಗುವ ಲೇತ್‌ಗೆ ಕೂದಲು ಸಿಕ್ಕರೆ ತಲೆಯ ಚರ್ಮವೇ ಕಿತ್ತುಬರುತ್ತದೆ ಎಂದು ಮೊದಲ ದಿನವೇ ನಮ್ಮನ್ನು ಹೆದರಿಸಿದವರು ಅವರೇ. ನಾನು ಕೈಚಾಚಿ ಕೆಂಪು ಗುಂಡಿ ಒತ್ತಿದೆ.

"ಮೇಡಂ, ಕೂದಲು!"

ಯಂತ್ರ ನಿಂತಿತು. ನಮ್ಮ ಬ್ಯಾಚಿನ ತರಲೆ, "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ," ಎಂದು ಗೊಣಗಿದ.

ಅವರು ಬಿಳಿಚಿಕೊಂಡ ಮುಖದಲ್ಲೇ ಕೂದಲು ಬಿಗಿಯಾಗಿ ಕಟ್ಟಿದರು. "ಉಳಿಸಿದೆ ಕಣೇ ನನ್ನ," ಎಂದವರು ನೇರ ಹೋಗಿ ಗೋಡೆಗೆ ತೂಗುಹಾಕಿದ್ದ ಪುಸ್ತಕ ತೆಗೆದರು. ಅದನ್ನು ನಾವು ತಪ್ಪಿನ ಪುಸ್ತಕ ಎನ್ನುತ್ತಿದ್ದೆವು. ಕೈ ಕುಯ್ದುಕೊಂಡದ್ದು, ಸ್ವಲ್ಪದರಲ್ಲಿ ಪಾರಾದದ್ದು, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಶನಿವಾರ ಪ್ರಿನ್ಸಿಪಾಲರು ಓದುತ್ತಾರೆ.

"ಬೇಡ ಮೇಡಂ," ಎಂದೆ. "ನಾವ್ಯಾರೂ ಬಾಯಿಬಿಡಲ್ಲ."

"ನಿನ್ನ ತಪ್ಪಾಗಿದ್ರೆ ಬರೆಸದೆ ಬಿಡ್ತಿದ್ನೇನೇ?" ಎಂದು ಬರೆದೇ ಬರೆದರು.

ಯಂತ್ರ ಇನ್ನೂ ನಿಂತೇ ಇತ್ತು. ತರಲೆ ಕೇಳಿದ: "ಮೇಡಂ, ಬೈಬೇಡಿ. ನೀವು ಹೆಣ್ಣು ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಏಳನೇ ವಯಸ್ಸಿಗೇ ಗೊತ್ತಿತ್ತು ಕಣೋ. ನನ್ನ ಹೆಸರು ಹಿಡಿದು ಕೂಗಿದ್ರೆ ಬೇರೆ ಯಾರನ್ನೋ ಕರೆದ ಹಾಗೆ ಅನ್ನಿಸೋದು. ಬಾಯಿಬಿಟ್ಟು ಹೇಳೋಷ್ಟರಲ್ಲಿ ನಲವತ್ತಾಯ್ತು." ಕಟ್ಟಿದ ಕೂದಲನ್ನು ಮುಟ್ಟಿಕೊಂಡರು. "ಅಮ್ಮ ಆರು ತಿಂಗಳಿಂದ ಮಾತು ಬಿಟ್ಟಿದ್ರು. ಇವತ್ತು ಬೆಳಿಗ್ಗೆ ಅವರೇ ಕರೆದು, ಕೂರಿಸಿ, ತಲೆ ಬಾಚಿದ್ರು. ಕಟ್ಟೋಕೆ ಮನಸ್ಸೇ ಬರಲಿಲ್ಲ."

ತರಲೆ ತಾನೇ ಹೋಗಿ ಪುಸ್ತಕವನ್ನು ಮತ್ತೆ ಗೋಡೆಗೆ ತೂಗುಹಾಕಿ ಬಂದ.

ಶನಿವಾರ ಪ್ರಿನ್ಸಿಪಾಲರು ಪುಸ್ತಕ ಬಿಡಿಸಿದರು. ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಇನ್ನೇನು ಸ್ಟೋರ್ ರೂಮಿಗೆ ನಡೆಯಿರಿ ಅನ್ನುತ್ತಾರೆ ಎಂದುಕೊಂಡೆ. ಅವರು ಹಳೆಯ ಹಾಳೆಗಳನ್ನು ಹಿಂದಕ್ಕೆ ತಿರುವುತ್ತಾ ಹೋದರು.

"ಹಿಂದೆಲ್ಲ ಬರೀ ಮಕ್ಕಳ ತಪ್ಪೇ ಇದೆಯಲ್ರೀ," ಎಂದರು. "ನಾನೂ ಇಲ್ಲಿ ಎಂಟು ವರ್ಷ ಕಲಿಸಿದೆ. ನನ್ನ ತಪ್ಪು ಒಂದು ಸಾಲೂ ಬರೆದಿಲ್ಲ."

ಪೆನ್ನು ತೆಗೆದು, ಮೇಡಂ ಬರಹದ ಕೆಳಗೆ ಏನೋ ಬರೆದು ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಮೈಕ್ರಾನ್ ಓದಲು ಹೋದರು, ಕಣ್ಣು ತುಂಬಿ ಆಗಲಿಲ್ಲ, ಪುಸ್ತಕ ನನ್ನ ಕೈಗಿಟ್ಟರು. ನಾನು ಎಲ್ಲರಿಗೂ ಕೇಳುವಂತೆ ಓದಿದೆ: 'ಸೋಮವಾರ. ವಿದ್ಯಾರ್ಥಿಗಳ ಎದುರು ಸಹೋದ್ಯೋಗಿಯನ್ನು ಅವಮಾನಿಸಿದ್ದು. ತಪ್ಪು ಮಾಡಿದವರು: ಪ್ರಿನ್ಸಿಪಾಲ್. ಪಾಠ ಮೇಡಂ ಅವರೇ ಮುಂದುವರಿಸುತ್ತಾರೆ.'